ಮೂರಾದ ಮೇಲೆ ಸೊನ್ನೆ

ಎಲ್ಲರೂ ಒಪ್ಪಿಗೆ ಒತ್ತಿಯಾಗಿತ್ತು. ಪರದೆಯ ಮೇಲೆ ಹಸಿರು ಗುರುತುಗಳು ಸಾಲಾಗಿ ನಿಂತಿದ್ದವು. ಕೊನೆಯ ಚೌಕವೊಂದು ಮಾತ್ರ ಬೋಳಾಗಿತ್ತು. ಅದು ಗಡುವಮ್ಮನದು. ಅವಳೊಂದು ಗುಂಡಿ ಒತ್ತಿದರೆ ಸಾಕು, ಆ ಮಹಡಿಯ ಜನರೆಲ್ಲ ನಿದ್ದೆಗೆಟ್ಟು ಬರೆದ ಎಲೆಕ್ಟ್ರಾನಿಕ್ ಚಿಪ್ಪಿನ ನಕ್ಷೆ ಸಮುದ್ರದಾಚೆಯ ಕಾರ್ಖಾನೆಗೆ ಹಾರಿಹೋಗುತ್ತಿತ್ತು. ಕಾರ್ಖಾನೆಯವರು ನಕ್ಷೆ ತೆಗೆದುಕೊಳ್ಳುವುದು ಇವತ್ತು ಸಂಜೆ ಆರರವರೆಗೆ. ಆರು ದಾಟಿದರೆ ಮುಂದಿನ ಸರದಿ ಬರುವಷ್ಟರಲ್ಲಿ ಅರ್ಧ ವರ್ಷ ಕಳೆದಿರುತ್ತದೆ, ಚಿಪ್ಪಿಗಾಗಿ ಕಾಯುತ್ತಿರುವ ಲಿಫ್ಟ್ ಕಂಪನಿ ಇನ್ನೊಬ್ಬರ ಬಾಗಿಲು ತಟ್ಟಿರುತ್ತದೆ, ಈ ಕಚೇರಿಯ ಬಾಗಿಲಿಗೆ ಬೀಗ ಬಿದ್ದಿರುತ್ತದೆ. ಒತ್ತಿದ ಮೇಲೆ ಚಿಪ್ಪು ಕೆಟ್ಟದ್ದಾಗಿ ಬಂದರೂ ಬೀಗವೇ. ಅಂತೂ ಬೀಗದ ಕೈ ಇವತ್ತು ಗಡುವಮ್ಮನ ತೋರುಬೆರಳು.

ಗಡುವಮ್ಮ ಎಂಬುದು ಹೆತ್ತವರು ಇಟ್ಟ ಹೆಸರಲ್ಲ. ಚಿಪ್ಪಿನೊಳಗೆ ಒಂದು ಗಡಿಯಾರ ಸೆಕೆಂಡಿಗೆ ಕೋಟಿಗಟ್ಟಲೆ ಸಲ ಟಿಕ್ಕೆನ್ನುತ್ತಿರುತ್ತದೆ. ಒಂದು ಟಿಕ್ಕಿಗೆ ಮನೆ ಬಿಟ್ಟ ಸಂಕೇತ ಮುಂದಿನ ಟಿಕ್ಕಿನೊಳಗೆ ಪಕ್ಕದ ಮನೆ ಸೇರಬೇಕು. ಯಾರು ಎಷ್ಟರೊಳಗೆ ಸೇರಬೇಕು, ಯಾರಿಗೆ ರಿಯಾಯಿತಿ, ಯಾರಿಗೆ ಇಲ್ಲ ಎಂದು ಗಡುವು ಬರೆದುಕೊಡುವುದು ಅವಳ ಕಸುಬು. ಆ ಗಡುವುಗಳನ್ನು ಓದಿಕೊಂಡು, ವಿನ್ಯಾಸವನ್ನು ಗೇಟುಗಳೆಂಬ ಪುಟ್ಟ ಪುಟ್ಟ ಮಂಡಲಗಳಾಗಿ ಕಟ್ಟಿಕೊಡುವುದೊಂದು ಸಾಫ್ಟ್‌ವೇರು. ಅದನ್ನು ಅಲ್ಲಿ ಎಲ್ಲರೂ ಮೇಸ್ತ್ರಿ ಎಂದೇ ಕರೆಯುತ್ತಿದ್ದರು. ಮೇಸ್ತ್ರಿ ಬಲು ವಿಧೇಯ. ನೋಡು ಎಂದದ್ದನ್ನು ನೋಡುತ್ತಾನೆ, ಬಿಡು ಎಂದದ್ದನ್ನು ಬಿಡುತ್ತಾನೆ, ಬಿಟ್ಟಿದ್ದೇನೆ ಎಂದು ನೆನಪಿಸುವ ಉಸಾಬರಿಗೆ ಮಾತ್ರ ಹೋಗುವುದಿಲ್ಲ.

"ಗಡುವಮ್ನೋರೆ, ನಿಮ್ಮ ಗಡುವೇ ಮೀರ್ತಾ ಇದೆಯಲ್ಲ," ಎಂದ ಪಕ್ಕದ ಮೇಜಿನ ಗಿಳಿ.

ಗಿಳಿ ಎಂದರೆ ಚಿಪ್ಪಿನ ತರ್ಕವನ್ನೆಲ್ಲ ಬರೆದ ವಿನ್ಯಾಸಕಾರ. ಯಾರ ದನಿ ಕೇಳಿದರೂ ಮರುಗಳಿಗೆ ಅದೇ ದನಿಯಲ್ಲಿ ಮಾತಾಡುವ ಚಟಕ್ಕೆ ಸಿಕ್ಕಿದ ಬಿರುದು ಅದು. ಈಗ ಅವನು ಕುತ್ತಿಗೆ ಚಾಚಿ, ಗಂಟಲನ್ನು ಒಂದು ಸುತ್ತು ದಪ್ಪ ಮಾಡಿಕೊಂಡು, "ಮೇಡಂ, ಒಂದೇ ಒಂದು ಬೆರಳು, ಆಯ್ತಾ? ಒತ್ತಿದ್ರೆ ಮುಗೀತು, ಆಯ್ತಾ?" ಎಂದ. ಕಂಪನಿಯ ಯಜಮಾನರು ಸಾಕ್ಷಾತ್ ಬಂದು ನಿಂತ ಹಾಗಾಯಿತು. ಮೂಲೆಯಲ್ಲಿದ್ದ ಇಬ್ಬರು ಕೀಲಿಮಣೆಯೊಳಗೆ ಮುಖ ಹುದುಗಿಸಿ ನಕ್ಕರು.

ಗಡುವಮ್ಮ ನಗಲಿಲ್ಲ. ಅವಳ ಕಣ್ಣು ರಿಪೋರ್ಟಿನ ಮೇಲಿತ್ತು. ರಿಪೋರ್ಟು ಚೆನ್ನಾಗಿತ್ತು. ಚೆನ್ನಾಗಿದ್ದದ್ದೇ ಚೆನ್ನಾಗಿರಲಿಲ್ಲ.

ಮೇಸ್ತ್ರಿಯ ರಿಪೋರ್ಟಿನಲ್ಲಿ ಪ್ರತಿಯೊಂದು ದಾರಿಗೂ ಸ್ಲ್ಯಾಕ್ ಎಂಬ ಒಂದು ಅಂಕಿ ಇರುತ್ತದೆ. ಗಡುವಿಗೆ ಮುಂಚೆ ಎಷ್ಟು ಸಮಯ ಉಳಿಯಿತು ಎಂಬ ಲೆಕ್ಕ ಅದು. ಸೊನ್ನೆಗಿಂತ ಮೇಲಿದ್ದರೆ ಪಾಸು, ಕೆಳಗಿದ್ದರೆ ನಪಾಸು. ತೀರ ಇಕ್ಕಟ್ಟಿನಲ್ಲಿ ಪಾಸಾದವರು ಪಟ್ಟಿಯ ತಲೆಯಲ್ಲಿರುತ್ತಾರೆ. ಮೊದಲಿನಿಂದಲೂ ಆ ತಲೆಯ ಜಾಗದಲ್ಲಿ ಖಾಯಮ್ಮಾಗಿ ಕೂರುತ್ತಿದ್ದದ್ದು ಒಂದೇ ದಾರಿ. ಲಿಫ್ಟು ಎಲ್ಲಿದೆ ಎಂದು ಕೂಡಿಕೂಡಿ ಇಟ್ಟುಕೊಳ್ಳುವ ಕೂಡುಗಣಿತದ ದಾರಿ, ಅದರಲ್ಲೂ ದಶಕ ಒಯ್ಯುವ ಉದ್ದದ ಕೊಂಡಿ. ಹೋದ ವಾರ ಲಿಫ್ಟ್ ಕಂಪನಿಯವರು ಇನ್ನೂ ಎತ್ತರದ ಕಟ್ಟಡಗಳಿಗೂ ಬೇಕು ಎಂದರು. ಗಿಳಿ ಆ ಕೂಡುಗಣಿತವನ್ನು ಇನ್ನಷ್ಟು ಉದ್ದ ಮಾಡಿದ. ಕೆಲಸ ಹೆಚ್ಚಾದ ಮೇಲೆ ಸಮಯ ಸಾಲದೆ ಒದ್ದಾಡಬೇಕಿತ್ತು. ಆದರೆ ಆ ದಾರಿ ಪಟ್ಟಿಯ ತಲೆಯಲ್ಲಿ ಇರಲಿಲ್ಲ. ನಡುವೆ ಇರಲಿಲ್ಲ. ಬುಡಕ್ಕೆ ಹೋಗಿ ನೋಡಿದಳು, ಅಲ್ಲೂ ಇರಲಿಲ್ಲ. ಪ್ರತಿ ಪರೀಕ್ಷೆಯಲ್ಲೂ ಜಸ್ಟ್ ಪಾಸಾಗುತ್ತಿದ್ದ ಹುಡುಗ ಏಕಾಏಕಿ ಮೊದಲ ದರ್ಜೆಯಲ್ಲಿ ಬಂದಿದ್ದರೆ ಅನುಮಾನಪಡಬಹುದಿತ್ತು. ಇವನು ಪರೀಕ್ಷೆಗೇ ಕೂತಿರಲಿಲ್ಲ.

ಅವಳು ಆ ಒಂದೇ ದಾರಿಯ ಹೆಸರು ಹಿಡಿದು ಮೇಸ್ತ್ರಿಯನ್ನು ಕೇಳಿದಳು. ಮೇಸ್ತ್ರಿ ಒಂದು ಸಾಲಿನ ಉತ್ತರ ಕೊಟ್ಟ: ಈ ದಾರಿಗೆ ಗಡುವಿಲ್ಲ.

ಗಡುವಮ್ಮ ಇನ್ನೊಮ್ಮೆ ಕೇಳಿದಳು. ಅದೇ ಉತ್ತರ.

"ಇಲ್ಲಿ ಬಾ," ಎಂದಳು, ಬೆನ್ನ ಹಿಂದಿನ ಮೇಜಿನ ಕಡೆ ತಿರುಗದೆ. ಕುರ್ಚಿಯ ಚಕ್ರ ಉರುಳಿದ ಸದ್ದು. ನಾದಿನಿ ಬಂದು ಭುಜದ ಪಕ್ಕ ನಿಂತಳು. ಗಂಡನ ತಂಗಿ, ಕಲಿತದ್ದೂ ಇದೇ ವಿದ್ಯೆ, ಇರುವುದೂ ಒಂದೇ ಮನೆಯಲ್ಲಿ, ಬರುವುದೂ ಒಂದೇ ಬಸ್ಸಿನಲ್ಲಿ. ಮೇಸ್ತ್ರಿಯನ್ನು ದಿನಾ ಓಡಿಸುವವಳು ಅವಳೇ.

"ಕೂಡೋ ಪಾತ್‌ಗೆ ಗಡುವಿಲ್ಲ ಅಂತಿದೆ."

"ಹೂಂ ಅತ್ತಿಗೆ. ಫಾಲ್ಸ್ ಪಾತ್ ಹಾಕಿದೀವಲ್ಲ." ನಾದಿನಿ ಅಷ್ಟು ಹೇಳಿ ಅತ್ತಿಗೆಯ ಮುಖ ನೋಡಿದಳು. "ನೀವೇ ಹೇಳಿದ್ರಿ ಅವತ್ತು. ತೆಗೆದಿರ್ತೀರಿ ಅಂದ್ಕೊಂಡೆ."

"ನಾನಾ?"

"ನೀವಲ್ವಾ?"

ಮೇಸ್ತ್ರಿಗೆ ಒಂದು ಕೆಟ್ಟ ಅಭ್ಯಾಸವಿತ್ತು. ಹತ್ತು ದಾರಿಗಳು ಒಟ್ಟಿಗೆ ಕಷ್ಟದಲ್ಲಿದ್ದರೆ ಎಲ್ಲಕ್ಕಿಂತ ಜೋರಾಗಿ ಅಳುವ ದಾರಿಯೊಂದನ್ನೇ ಕಂಕುಳಲ್ಲಿ ಎತ್ತಿಕೊಂಡು ಓಡಾಡುತ್ತಿದ್ದ, ಉಳಿದ ಒಂಬತ್ತನ್ನು ತಿರುಗಿಯೂ ನೋಡುತ್ತಿರಲಿಲ್ಲ. ಅದಕ್ಕೆ ಹಳಬರ ಮದ್ದು ಒಂದಿದೆ. ಜೋರಾಗಿ ಅಳುವ ಮಗುವನ್ನು ಸ್ವಲ್ಪ ಹೊತ್ತು ಪಕ್ಕದ ಕೋಣೆಯಲ್ಲಿ ಬಿಡುವುದು. ಇದು ಫಾಲ್ಸ್ ಪಾತ್, ನಿಜವಾದ ದಾರಿಯಲ್ಲ, ಇದನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಡ ಎಂದು ಒಂದು ಸಾಲು ಬರೆದರೆ ಮೇಸ್ತ್ರಿ ಅದರತ್ತ ಕಿವಿಗೊಡುವುದಿಲ್ಲ. ಉಳಿದವನ್ನೆಲ್ಲ ಸಮಾಧಾನ ಮಾಡುತ್ತಾನೆ. ಆಮೇಲೆ ಆ ಸಾಲು ಅಳಿಸಿ ಮಗುವನ್ನು ಮತ್ತೆ ಒಳಗೆ ಕರೆದುಕೊಳ್ಳಬೇಕು. ಇದನ್ನು ನಾದಿನಿಗೆ ಕಲಿಸಿದವಳು ಗಡುವಮ್ಮ. ಹಾಕು ಎಂದವಳು ಅವಳು, ಹಾಕಿದವಳು ಇವಳು. ಮಗುವನ್ನು ಕರೆತರುವುದು ಯಾರು ಎಂಬ ಮಾತು ಮಾತ್ರ ಆಗಿರಲಿಲ್ಲ. ಇಬ್ಬರೂ ಬೇರೆ ಬೇರೆ ಮನೆಯವರಾಗಿದ್ದರೆ ಆ ಮಾತು ಆಗಿಬಿಡುತ್ತಿತ್ತೇನೋ. ಮರುದಿನ ರಿಪೋರ್ಟು ತಿಳಿಯಾಗಿ ಬಂದಾಗ ಗಡುವಮ್ಮ ರಾತ್ರಿ ಊಟದ ಮೇಜಿನಲ್ಲಿ ಅತ್ತೆಯ ಎದುರು, "ನಿಮ್ಮ ಮಗಳು ಬೆಟ್ಟ ಕಡಿದಿದ್ದಾಳೆ" ಎಂದು ಹೊಗಳಿದ್ದಳು. ಅತ್ತೆಯ ಮುಖ ಅರಳಿತ್ತು. ಅತ್ತಿಗೆ ನೋಡದೆ ಹೊಗಳುತ್ತಾರೆಯೇ, ಸಾಲು ತೆಗೆದಿದ್ದರಿಂದಲೇ ಹೊಗಳಿದ್ದಾರೆ ಎಂದು ನಾದಿನಿ ತಟ್ಟೆ ನೋಡಿಕೊಂಡು ಸುಮ್ಮನಾಗಿದ್ದಳು.

"ಅವತ್ತೇ ಕೇಳ್ಬಾರದಿತ್ತಾ ಕಣೇ," ಎಂದಳು ಗಡುವಮ್ಮ. ದನಿ ಏರಲಿಲ್ಲ. ಏರಿಸಲು ತನಗೆ ಯೋಗ್ಯತೆಯಿಲ್ಲ ಎಂದು ಅವಳಿಗೆ ಗೊತ್ತಿತ್ತು.

"ಅಮ್ಮನ ಮುಂದೆ ಹೇಗೆ ಕೇಳ್ಲಿ ಅತ್ತಿಗೆ. ಅನುಮಾನ ಪಟ್ಟ ಹಾಗೆ ಆಗ್ತಿತ್ತು."

"ಸಾಲು ಅಳಿಸು. ಆ ಪಾತ್ ಒಂದನ್ನೇ ನೋಡೋಣ, ಬಿಸಿಯಲ್ಲಿ."

ಬಿಸಿಯಾದರೆ ಚಿಪ್ಪು ಮಂದವಾಗುತ್ತದೆ, ತಣ್ಣಗಾದರೆ ಚುರುಕಾಗುತ್ತದೆ. ಹಾಗಾಗಿ ತಡವಾಗಿ ಬರುವವರನ್ನು ಹಿಡಿಯಲು ಬಿಸಿಯ ಲೆಕ್ಕ ಹಾಕುತ್ತಾರೆ. ಒಂದೇ ದಾರಿಯಾದ್ದರಿಂದ ಉತ್ತರ ಬೇಗ ಬಂತು. ಸ್ಲ್ಯಾಕಿನ ಅಂಕಿಯ ಹಿಂದೆ ಕಳೆಯುವ ಗೀಟು. ಕೂದಲೆಳೆಯ ಕೊರತೆಯಲ್ಲ. ಐದರಲ್ಲಿ ಒಂದು ಪಾಲು ಸಮಯ ಸಾಲದು. ಪಕ್ಕದ ಕೋಣೆಯಲ್ಲಿ ಬಿಟ್ಟ ಮಗುವನ್ನು ಮೇಸ್ತ್ರಿ ಅಂದಿನಿಂದ ಮುಟ್ಟಿಯೇ ಇರಲಿಲ್ಲ.

ನಾದಿನಿ ಮೇಜಿನ ಅಂಚು ಹಿಡಿದುಕೊಂಡಳು. ಗಿಳಿ ಕುರ್ಚಿ ಬಿಟ್ಟು ಎದ್ದು ಬಂದ. ಪರದೆ ನೋಡಿದ. ಅವನ ಗಂಟಲಿನಿಂದ ಯಾರ ದನಿಯೂ ಬರಲಿಲ್ಲ, ತನ್ನದೂ ಸೇರಿ.

ಅಷ್ಟರಲ್ಲಿ ಬಾಗಿಲು ತೆರೆಯಿತು. ಯಜಮಾನರು. ಮೂರು ತಿಂಗಳಿಂದ ಸೊರಗಿದ ಮುಖ, ಇವತ್ತಿಗೆಂದು ಇಸ್ತ್ರಿ ಮಾಡಿಸಿದ ಅಂಗಿ.

"ಏನು ಮೇಡಂ, ನಿಮ್ಮದೊಂದೇ ಬಾಕಿ, ಆಯ್ತಾ? ಕಾರ್ಖಾನೆಯವರು ಎರಡು ಸಲ ಫೋನ್ ಮಾಡಿದ್ರು."

"ಒತ್ತೋಕೆ ಆಗಲ್ಲ ಸರ್."

ಯಜಮಾನರು ಮೇಜಿನ ಹತ್ತಿರ ಬಂದರು.

ಗಡುವಮ್ಮ ಸುತ್ತಿಬಳಸಲಿಲ್ಲ. ಮೇಜುಗಳ ಮೇಲಿದ್ದ ಮೂರು ನೀರಿನ ಬಾಟಲಿ ಎತ್ತಿ ಯಜಮಾನರ ಮುಂದೆ ಸಾಲಾಗಿ ಇಟ್ಟಳು. ಎಡಗಡೆಯದನ್ನು ಮಲಗಿಸಿದಳು, ಉಳಿದೆರಡನ್ನು ನಿಲ್ಲಿಸಿದಳು.

"ಚಿಪ್ಪಿಗೆ ಇದು ಮೂರು. ಬಲಗಡೆಯದು ಒಂದು, ನಡುವಿನದು ಎರಡು, ಎಡಗಡೆಯದು ನಾಲ್ಕು. ನಿಂತದ್ದನ್ನ ಮಾತ್ರ ಲೆಕ್ಕ ಹಾಕ್ಬೇಕು. ಈಗ ಮೂರಕ್ಕೆ ಒಂದು ಕೂಡ್ತೀನಿ." ಅವಳು ಬಲಗಡೆಯದನ್ನು ಮಲಗಿಸಿದಳು, ಆಮೇಲೆ ನಡುವಿನದನ್ನು. ಎಡಗಡೆಯ ಬಾಟಲಿಯ ಕುತ್ತಿಗೆಗೆ ಕೈ ಹಾಕಿ, ಎತ್ತದೆ ನಿಂತಳು. "ಇವೆರಡೂ ಮಲಗಿದ್ದಾಯ್ತು, ಇದು ಎದ್ದರೆ ನಾಲ್ಕು. ಎದ್ದೇಳು ಅಂತ ಇದಕ್ಕೆ ಸುದ್ದಿ ಮುಟ್ಟೋಕೆ ಎಲ್ಲಕ್ಕಿಂತ ಜಾಸ್ತಿ ಹೊತ್ತು ಬೇಕು. ಅದು ಏಳೋ ಮುಂಚೆ ಗಡಿಯಾರ ಟಿಕ್ ಅಂದು ಫೋಟೋ ಹೊಡೀತು ಅನ್ಕೊಳ್ಳಿ. ಏನು ಬರುತ್ತೆ ಫೋಟೋದಲ್ಲಿ?"

ಯಜಮಾನರು ಮಲಗಿದ ಮೂರು ಬಾಟಲಿ ನೋಡಿದರು.

"ಸೊನ್ನೆ," ಎಂದ ಗಿಳಿ, ಅವರ ಪರವಾಗಿ. "ಮೂರಾದ ಮೇಲೆ ಸೊನ್ನೆ. ಲಿಫ್ಟು ಮೂರನೇ ಮಹಡಿ ದಾಟ್ತಾ ಇರುತ್ತೆ. ಚಿಪ್ಪು ಮಾತ್ರ ನಾನು ನೆಲದ ಮೇಲಿದ್ದೀನಿ ಅಂದ್ಕೊಂಡಿರುತ್ತೆ. ನೆಲ ಮುಟ್ಟಿದೀವಿ ಅಂದ್ರೆ ಬಾಗಿಲು ತೆಗೀಬಹುದು ಅಂತ ಬರೆದವನು ನಾನೇ ಸರ್."

"ಯಾವಾಗಲೂ ಹೀಗೇನಾ?"

"ಚಿಪ್ಪು ಬಿಸಿಯಾದಾಗ," ಎಂದಳು ಗಡುವಮ್ಮ. "ಲಿಫ್ಟಿನ ಯಂತ್ರದ ಕೋಣೆ ಇರೋದು ಟೆರೇಸಿನ ಮೇಲೆ, ತಗಡಿನ ಸೂರು. ಮಧ್ಯಾಹ್ನ ಅಲ್ಲಿ ಕೈಯಿಟ್ಟರೆ ಸುಡುತ್ತೆ."

ಯಜಮಾನರು ಕುರ್ಚಿ ಎಳೆದುಕೊಂಡು ಕುಳಿತರು. ಬಾಯಿ ತೆರೆದು ಕೇಳಿದ ಮೊದಲ ಪ್ರಶ್ನೆ ಅವರಿಗೂ ಇಷ್ಟವಿರಲಿಲ್ಲವೇನೋ, ಆದರೂ ಕೇಳಿದರು. "ಯಾರು ಮಾಡಿದ್ದು?"

ನಾದಿನಿ ಮುಂದೆ ಬಂದಳು. "ಸರ್, ನಾನು..."

"ಸಾಲು ಹಾಕಿಸಿದ್ದು ನಾನು, ತೆಗೆಸದೆ ಬಿಟ್ಟಿದ್ದೂ ನಾನು," ಎಂದಳು ಗಡುವಮ್ಮ. "ತಪ್ಪೊಪ್ಪಿಗೆ ಬೇಕಾದ್ರೆ ನಾಳೆ ಬರೆದುಕೊಡ್ತೀನಿ. ಒಪ್ಪಿಗೆ ಕೊಡೋಕೆ ಈಗ ಹೊತ್ತು ಬೇಕು. ಗಿಳಿ, ಆ ಕೂಡಿದ ಮೊತ್ತ ತಗೊಳ್ಳೋ ಮನೆ ಇದೆಯಲ್ಲ, ಅದರ ಮುಂದಿನ ಕೆಲಸ ಏನು?"

ಗಿಳಿ ಕಣ್ಣು ಮುಚ್ಚಿ ತನ್ನದೇ ಬರಹವನ್ನು ಓದಿಕೊಂಡ. "ಬರೀ ಹೋಲಿಸೋದು. ಮೊತ್ತ ಇಷ್ಟಕ್ಕೆ ಸಮನಾ ಅಂತ. ಚಿಕ್ಕ ಕೆಲಸ, ಅರ್ಧ ಟಿಕ್ಕೂ ಬೇಡ. ಉಳಿದರ್ಧ ಕಾಲು ಚಾಚಿಕೊಂಡು ಮಲಗಿರುತ್ತೆ."

"ಹಾಗಾದ್ರೆ ಅವನ ಸಮಯದಲ್ಲಿ ಸ್ವಲ್ಪ ಇವನಿಗೆ ಕೊಡೋಣ. ಆ ಮನೆಗೆ ಹೋಗೋ ಗಡಿಯಾರದ ತಂತಿಯನ್ನ ಬೇಕಂತಲೇ ನಿಧಾನ ಮಾಡು."

ಯಜಮಾನರ ಹಣೆ ಗಂಟಿಕ್ಕಿತು. ನಾದಿನಿಯೇ ಬಿಡಿಸಿ ಹೇಳಿದಳು. "ಎಲ್ಲ ಮನೆಗೂ ಟಿಕ್ ಒಂದೇ ಗಳಿಗೆಗೆ ಕೇಳಿಸ್ಬೇಕು ಅಂತೇನಿಲ್ಲ ಸರ್. ಆ ಮನೆಗೆ ಮಾತ್ರ ಚೂರು ತಡವಾಗಿ ಕೇಳಿಸಿದ್ರೆ, ಸಂಕೇತ ಬಂದು ಸೇರೋಕೆ ಅಷ್ಟು ಹೆಚ್ಚಿಗೆ ಹೊತ್ತು ಸಿಗುತ್ತೆ."

"ಮಾಡಿ," ಎಂದರು ಯಜಮಾನರು.

ಮಾಡಿದರು. ನಾದಿನಿಯ ಬೆರಳು ಕೀಲಿಮಣೆಯ ಮೇಲೆ ಓಡಿತು. ಮೇಸ್ತ್ರಿ ತಂತಿಗಳನ್ನು ಬಿಚ್ಚಿ ಮತ್ತೆ ಎಳೆಯತೊಡಗಿದ. ಪರದೆಯ ಮೂಲೆಯಲ್ಲಿ ಒಂದು ಪಟ್ಟಿ ತುಂಬುತ್ತಿತ್ತು. ಅದನ್ನು ನೋಡುತ್ತ ನಿಂತವರಿಗೆ ಅದು ತುಂಬುತ್ತಿದೆಯೋ ತಮ್ಮನ್ನು ಆಡಿಕೊಳ್ಳುತ್ತಿದೆಯೋ ತಿಳಿಯುತ್ತಿರಲಿಲ್ಲ. ಕಿಟಕಿಯಾಚೆ ಬಿಸಿಲು ಎದುರಿನ ಕಟ್ಟಡದ ಮೂರು ಮಹಡಿ ಇಳಿದಿತ್ತು. ಯಾರೋ ಕಾಫಿ ತಂದಿಟ್ಟರು. ಯಾರೂ ಕುಡಿಯಲಿಲ್ಲ. ಯಜಮಾನರ ಫೋನು ನಡುಗಿತು, ಅವರು ಅದನ್ನು ಬೋರಲು ಹಾಕಿದರು.

ಬಿಸಿಯ ಲೆಕ್ಕ ಮುಗಿಯಿತು. ನಾದಿನಿ ಅಂಕಿಯ ಮೇಲೆ ಬೆರಳಿಟ್ಟಳು. ಕಳೆಯುವ ಗೀಟು ಹೋಗಿತ್ತು. ಉಳಿಕೆ ತೀರ ಅಲ್ಪ, ಆದರೂ ಉಳಿಕೆಯೇ.

"ಪಾಸು," ಎಂದಳು. ಆ ಮಹಡಿಯಲ್ಲಿ ಹತ್ತಾರು ಎದೆಗಳು ಒಟ್ಟಿಗೆ ಉಸಿರುಬಿಟ್ಟವು. ಯಜಮಾನರು ಎದ್ದು ನಿಂತರು. "ಹಾಗಾದ್ರೆ ಒತ್ತಿ ಮೇಡಂ."

"ಹೋಲ್ಡ್, ಅಂದ್ರೆ ಬೇಗ ಬರೋರ ಲೆಕ್ಕ, ನೋಡಿಲ್ಲ ಸರ್ ಇನ್ನೂ. ತಣ್ಣಗಿನ ಲೆಕ್ಕ ಓಡ್ತಾ ಇದೆ."

"ಇನ್ನೆಷ್ಟು ಹೊತ್ತು?"

ಗಡುವಮ್ಮ ನಾದಿನಿಯನ್ನು ನೋಡಿದಳು. ನಾದಿನಿ ಗೋಡೆಯ ಗಡಿಯಾರ ನೋಡಿದಳು, ಪಟ್ಟಿ ನೋಡಿದಳು, ತಲೆ ತಗ್ಗಿಸಿದಳು. ಗಡಿಯಾರದ ತಂತಿ ಮುಟ್ಟಿದರೆ ಅದರ ನೆರೆಹೊರೆಯ ಸಾವಿರಾರು ದಾರಿಗಳ ಲೆಕ್ಕವೂ ಬದಲಾಗುತ್ತದೆ. ಒಂದೊಂದನ್ನೂ ಹೊಸದಾಗಿ ತೂಗಬೇಕು. ಆರರೊಳಗೆ ಮುಗಿಯುವ ಮಾತಲ್ಲ.

"ಒಂದು ಲೆಕ್ಕ ಬಿಟ್ಟರೆ ಆಕಾಶ ಬೀಳುತ್ತಾ?" ಎಂದರು ಯಜಮಾನರು. ಬೇಡುವ ದನಿಯಾಗಿತ್ತು ಅದು, ಗದರುವುದಾಗಿರಲಿಲ್ಲ. "ಈ ಸಣ್ಣ ಬದಲಾವಣೆಗೆ ಏನಾಗಿಬಿಡುತ್ತೆ ಹೇಳಿ. ಏನೂ ಆಗಿರಲ್ಲ."

"ಏನೂ ಆಗಿರ್ಲಿಕ್ಕಿಲ್ಲ ಸರ್. ಆದ್ರೆ ಆಗಿದ್ರೆ ಅದಕ್ಕೆ ಮದ್ದಿಲ್ಲ." ಗಡುವಮ್ಮ ಮಾತನ್ನು ಹುಡುಕಿ ಹುಡುಕಿ ಆಡಿದಳು. "ತಡವಾಗಿ ಬರೋದು ಒಂದು ಕಾಯಿಲೆ. ಬೇಗ ಬರೋದು ಇನ್ನೊಂದು. ನಾವು ಆ ಮನೆಯ ಟಿಕ್ ತಡ ಮಾಡಿದೀವಿ. ಅದು ಹಳೇದನ್ನ ಇನ್ನೂ ಕೈಗೆ ತಗೊಂಡಿರಲ್ಲ, ಅಷ್ಟರಲ್ಲಿ ಚುರುಕು ಸಂಕೇತ ಒಂದು ಹೊಸದನ್ನ ಹೊತ್ತು ಒಳಗೆ ನುಗ್ಗಿದ್ರೆ, ಹಳೇದು ಅಲ್ಲೇ ಅಳಿಸಿಹೋಗುತ್ತೆ. ತಡವಾಗಿ ಬರೋ ಚಿಪ್ಪಿಗೆ ಇಡೀ ಗಡಿಯಾರನೇ ನಿಧಾನ ಮಾಡಿದ್ರೆ ವಾಸಿಯಾಗುತ್ತೆ. ಬೇಗ ಬರೋ ಚಿಪ್ಪಿಗೆ ಗಡಿಯಾರ ಎಷ್ಟು ನಿಧಾನ ಮಾಡಿದ್ರೂ ಅಷ್ಟೇ. ಹುಟ್ಟುವಾಗಲೇ ಸತ್ತಿರುತ್ತೆ."

ಗಿಳಿ ಅವಳ ಕಿವಿಯ ಹತ್ತಿರ ಬಗ್ಗಿದ. "ಕಾರ್ಖಾನೆಗೆ ಫೋನ್ ಮಾಡಿ ಇನ್ನೆರಡು ಗಂಟೆ ಕೇಳ್ಲಾ? ಅಲ್ಲಿಯ ಮೇಲ್ವಿಚಾರಕನ ದನಿ ನನಗೆ ಬಾಯಿಪಾಠ. ಅಲ್ಲಿ ನಕ್ಷೆ ತಗೊಳ್ಳೋರಿಗೆ ಅವನೇ ಹೇಳ್ದ ಹಾಗೆ ಹೇಳಿಬಿಡ್ತೀನಿ." ಹೇಳಿ, ಮಾದರಿಗೆ ಎರಡು ಮಾತು ಮೂಗಿನಲ್ಲಿ ಆಡಿಯೂ ಬಿಟ್ಟ. ಬೇರೆ ದಿನವಾಗಿದ್ದರೆ ಅವಳು ಬಿದ್ದು ಬಿದ್ದು ನಗುತ್ತಿದ್ದಳು.

"ಬಾಯಿ ಮುಚ್ಕೊಂಡು ನಿಂತ್ಕೋ," ಎಂದಳು. "ಇಲ್ಲಾಂದ್ರೆ ಕೆಲಸಕ್ಕೆ ಬರೋ ಮಾತು ಹೇಳು. ಹಳೇ ನಕ್ಷೆ ಇದೆಯಾ?"

"ಯಾವುದು?"

"ಬೆಳಿಗ್ಗೆ ಎಲ್ಲರೂ ಒಪ್ಪಿಗೆ ಒತ್ತಿದ್ದು. ಗಡಿಯಾರದ ತಂತಿ ಮುಟ್ಟದೆ ಇರೋದು."

"ಇದೆ. ಅದರಲ್ಲಿ ತಾನೇ ಸೊನ್ನೆ ಬರ್ತಿದ್ದದ್ದು?"

"ತಡವಾಗಿ ಬರ್ತಿದ್ದದ್ದು," ಎಂದಳು ಗಡುವಮ್ಮ. ಮೊದಲ ಸಲ ಅವಳ ಬೆನ್ನು ನೆಟ್ಟಗಾಯಿತು. "ತಡದ ಕಾಯಿಲೆಗೆ ಮದ್ದಿದೆ. ಅದರ ಹೋಲ್ಡ್ ಲೆಕ್ಕ ಎಲ್ಲಾ ಮೊನ್ನೆಯೇ ಆಗಿದೆ, ಆ ಒಂದು ಪಾತ್ ಬಿಟ್ಟು. ಉದ್ದದ ಪಾತ್ ಬೇಗ ಬರೋ ಪ್ರಶ್ನೆಯೇ ಇಲ್ಲ, ಆದ್ರೂ ನೋಡಿಬಿಡು." ಕೊನೆಯ ಮಾತು ನಾದಿನಿಗೆ.

ನಾದಿನಿ ಆಗಲೇ ಹಳೆಯ ನಕ್ಷೆ ತೆರೆದಿದ್ದಳು. "ಫಾಲ್ಸ್ ಪಾತ್ ಇನ್ನೂ ಯಾವುದಾದ್ರೂ ಇದೆಯಾ ಅಂತಲೂ ನೋಡ್ತೀನಿ ಅತ್ತಿಗೆ. ಈ ಸಲ ನಿಮ್ಮನ್ನ ಕೇಳಿಕೊಂಡು ಕೂರಲ್ಲ." ಇದ್ದ ಉಳಿದ ರಿಯಾಯಿತಿಗಳನ್ನು ಒಂದೊಂದಾಗಿ ಓದಿದಳು, ಪ್ರತಿಯೊಂದಕ್ಕೂ ಗಿಳಿ ಹೌದು, ಅದು ನಿಜಕ್ಕೂ ಲೆಕ್ಕಕ್ಕಿಲ್ಲದ್ದು ಎಂದು ಕಾರಣ ಸಮೇತ ಹೇಳಬೇಕಾಯಿತು. ಒಂದರಲ್ಲಿ ಅವನು ತಡವರಿಸಿದಾಗ ಅವಳು ಬಿಡಲಿಲ್ಲ, ಬರೆದದ್ದನ್ನೇ ತೆಗೆದು ತೋರಿಸು ಎಂದಳು. ತೋರಿಸಿದ. ಸರಿಯಿತ್ತು. ಆಮೇಲೆ ಬಿಟ್ಟುಹೋಗಿದ್ದ ದಾರಿಯ ತಣ್ಣಗಿನ ಲೆಕ್ಕ. ಅದೂ ಪಾಸು, ಧಾರಾಳವಾಗಿ.

ಯಜಮಾನರು ಇದನ್ನೆಲ್ಲ ನೋಡುತ್ತಿದ್ದರು. ಎಲ್ಲಿಗೆ ಬಂದು ನಿಲ್ಲುತ್ತದೆ ಎಂದು ಅವರಿಗೆ ಅರ್ಥವಾಗತೊಡಗಿತ್ತು. "ಗಡಿಯಾರ ನಿಧಾನ ಮಾಡೋದು ಅಂದ್ರೆ?"

"ಅವರ ಬೋರ್ಡಿನ ಮೇಲೆ ಗಡಿಯಾರಕ್ಕೆ ಅಂತ ಒಂದು ಹರಳು ಕೂರಿಸ್ತಾರಲ್ಲ ಸರ್. ಅದರ ಬದಲು ಇನ್ನೊಂದು, ನಿಧಾನದ್ದು."

"ಎಷ್ಟು ನಿಧಾನ?"

"ಐದು ಟಿಕ್ ಇರೋ ಕಡೆ ನಾಲ್ಕು. ಕೈಮೀರದ ಹಾಗೆ ಇರ್ಲಿ ಅಂತ ಅದಕ್ಕಿಂತ ಇನ್ನೂ ಸ್ವಲ್ಪ ಕಡಿಮೆ. ಒಂದು ಚಿಪ್ಪು ಎಂಟು ಲಿಫ್ಟು ನೋಡ್ಕೊಳ್ಳುತ್ತೆ ಅಂದಿದ್ವಿ. ಆರು ನೋಡ್ಕೊಳ್ಳುತ್ತೆ."

"ನಾನು ಅವರ ಸಭೆಯಲ್ಲಿ ಎದ್ದು ನಿಂತು ಎಂಟು ಅಂದಿದೀನಿ."

"ಹೇಳಿದ್ದು ನೀವು ಸರ್, ಕೂಡೋದು ಚಿಪ್ಪು."

ಗಿಳಿ ನಾಲಿಗೆ ಕಚ್ಚಿಕೊಂಡ. ಯಜಮಾನರ ಮುಖ ಕೆಂಪಾಯಿತು. ಅವರು ಗೋಡೆಯ ಗಡಿಯಾರ ನೋಡಿದರು, ಪರದೆಯ ಬೋಳು ಚೌಕ ನೋಡಿದರು. ಒಂದು ಕಡೆ ಎಂಟಕ್ಕೆ ಎಂಟೂ ಆಗಬಹುದಾದ, ಇಲ್ಲವೆ ಸತ್ತೇ ಹುಟ್ಟಬಹುದಾದ ನಕ್ಷೆ. ಇನ್ನೊಂದು ಕಡೆ ಆರು ಮಾತ್ರ ಆಗುವ, ಆದರೆ ಬದುಕಿ ಬರುವ ನಕ್ಷೆ. ಕಂಪನಿಯ ಬಾಗಿಲಿನ ಬೋರ್ಡಿನಲ್ಲಿರುವುದು ಅವರ ಹೆಸರು. ಆದರೆ ಒತ್ತುವ ಬೆರಳು ಅವರದಲ್ಲ. ಆ ಕಚೇರಿ ಶುರುವಾದ ದಿನ ಅವರೇ ಮಾಡಿದ್ದ ಕಟ್ಟಳೆ ಅದು: ಗಡುವು ಬರೆದವರು ಒತ್ತದೆ ನಕ್ಷೆ ಹೊರಗೆ ಹೋಗಕೂಡದು, ಯಜಮಾನ ಹೇಳಿದರೂ.

ಅವರು ಫೋನು ತಿರುಗಿಸಿ ಲಿಫ್ಟ್ ಕಂಪನಿಗೆ ಹಚ್ಚಿದರು. ಸ್ಪೀಕರ್ ಹಾಕಿದರು. ಅತ್ತ ಕಡೆ ಬಂದದ್ದು ಆ ಕಂಪನಿಯ ಮುಖ್ಯ ಇಂಜಿನಿಯರು, ವಯಸ್ಸಾದ ಹೆಂಗಸು, ಹಿಂದೆ ಯಂತ್ರಗಳ ಸದ್ದು.

"ಒಂದು ಚಿಕ್ಕ ಹೊಂದಾಣಿಕೆ ಮೇಡಂ," ಎಂದು ಶುರುಮಾಡಿದರು ಯಜಮಾನರು. "ಬಳಕೆಯ ದೃಷ್ಟಿಯಿಂದ ನೋಡಿದ್ರೆ ವೇಗದಲ್ಲಿ ಸ್ವಲ್ಪ..."

"ಅಳತೆ ಮಾಡಿದವರು ಪಕ್ಕದಲ್ಲಿದ್ದಾರಾ?"

"ಇದ್ದಾರೆ."

"ಅವರಿಗೆ ಕೊಡಿ."

ಗಡುವಮ್ಮ ಮೇಜಿನ ಮೇಲೆ ಬಗ್ಗಿದಳು. ಏನು ಬಿಟ್ಟುಹೋಗಿತ್ತು, ಬಿಸಿಯಲ್ಲಿ ಏನಾಗುತ್ತದೆ, ಮೂರಾದ ಮೇಲೆ ಸೊನ್ನೆ ಹೇಗೆ ಬರುತ್ತದೆ, ಯಾವ ಹರಳು ಹಾಕಿದರೆ ಬರುವುದಿಲ್ಲ, ಎಲ್ಲವನ್ನೂ ಇದ್ದದ್ದು ಇದ್ದ ಹಾಗೆ ಹೇಳಿದಳು. ಸಮಜಾಯಿಷಿ ಸೇರಿಸಲಿಲ್ಲ. ಹೇಳುತ್ತಿರುವಾಗಲೇ ಕಾರ್ಖಾನೆಯವರ ಕರೆ ಮತ್ತೆ ಬಂದು ಫೋನು ಮೇಜಿನ ಮೇಲೆ ಗಡಗಡ ನಡುಗಿತು. ಯಾರೂ ಅದನ್ನು ಮುಟ್ಟಲಿಲ್ಲ.

"ಎಷ್ಟು ಬಿಸಿಯವರೆಗೆ ನೋಡಿದೀರಿ?" ಎಂದು ಕೇಳಿತು ಅತ್ತಲ ದನಿ.

ಹೇಳಿದಳು.

"ನಮ್ಮ ಯಂತ್ರದ ಕೋಣೆ ಅಷ್ಟಾಗಲ್ಲ. ಆದ್ರೂ ಹತ್ತಿರ ಹೋಗುತ್ತೆ." ಯಂತ್ರದ ಸದ್ದು ನಿಂತಿತು; ಆಕೆ ಬಾಗಿಲು ಮುಚ್ಚಿಕೊಂಡಿರಬೇಕು. "ಎಂಟಕ್ಕೆ ಒಪ್ತೀರಾ ನೀವು?"

"ಎಂಟಕ್ಕೆ ಒತ್ತಲ್ಲ ಮೇಡಂ. ಆರಕ್ಕೆ ಒತ್ತುತ್ತೀನಿ."

ಅತ್ತ ಕಡೆ ಕಾಗದ ಮಗುಚಿದ ಸದ್ದು. ಯಾರೊಂದಿಗೋ ಗುಸುಗುಸು. ನಾದಿನಿ ತನ್ನ ವೇಲಿನ ಅಂಚನ್ನು ಬೆರಳಿಗೆ ಸುತ್ತಿ ಬಿಚ್ಚಿ ಸುತ್ತುತ್ತಿದ್ದಳು. ಗಿಳಿ ಕಣ್ಣು ಕೀಲಿಸಿ ಮಲಗಿದ ಬಾಟಲಿಗಳನ್ನೇ ನೋಡುತ್ತಿದ್ದ.

"ಆರು ಲಿಫ್ಟಿಗಿಂತ ಹೆಚ್ಚಿರೋ ಕಟ್ಟಡ ಸದ್ಯಕ್ಕೆ ನಮ್ಮ ಕೈಯಲ್ಲಿ ಕಡಿಮೆ," ಎಂದಿತು ದನಿ ಕೊನೆಗೆ. "ಅಂಥ ಕಡೆ ಎರಡು ಬೋರ್ಡು ಹಾಕ್ತೀವಿ. ಅದರ ಬಗ್ಗೆ ನಿಮ್ಮ ಸಾಹೇಬರು ನನ್ನ ಹತ್ತಿರ ಬಂದು ಕೂತು ಮಾತಾಡ್ಬೇಕಾಗುತ್ತೆ, ಅವರಿಗೆ ಅದು ಹಿತವಾಗಿ ಇರಲ್ಲ. ಹರಳಿನ ವಿವರ ಬರೆದು ಕಳಿಸಿ. ನಕ್ಷೆ ಕಳಿಸಿಬಿಡಿ."

ಕರೆ ಮುಗಿಯಿತು. ಯಜಮಾನರು ತಲೆಯಾಡಿಸಿದರು. ನಾದಿನಿ ಹಳೆಯ ನಕ್ಷೆಯನ್ನು ಮುಂದಿಟ್ಟಳು, ಗಡಿಯಾರದ ವೇಗದ ಕಡೆ ಹೊಸ ಅಂಕಿ ಬರೆದಳು, ಲೆಕ್ಕ ಇನ್ನೊಮ್ಮೆ ಓಡಿಸಿದಳು. ಈ ಸಲ ಪಟ್ಟಿಯ ತಲೆಯಲ್ಲಿ ಕೂಡುಗಣಿತದ ದಾರಿ ತನ್ನ ಮಾಮೂಲಿ ಜಾಗದಲ್ಲಿ, ಇಕ್ಕಟ್ಟಿನಲ್ಲಿ, ಆದರೆ ಸೊನ್ನೆಗಿಂತ ಮೇಲೆ ಕುಳಿತಿತ್ತು. ಗಡುವಮ್ಮ ಅದನ್ನು ಎರಡು ಸಲ ಓದಿದಳು. ಒತ್ತಿದಳು. ಬೋಳು ಚೌಕ ಹಸಿ‌ರಾಯಿತು. ನಕ್ಷೆ ಹೊರಟಿತು, ಕಾರ್ಖಾನೆಯಿಂದ ಮುಟ್ಟಿತು ಎಂಬ ಮರುನುಡಿ ಬರುವವರೆಗೆ ಯಾರೂ ಕದಲಲಿಲ್ಲ. ಅದು ಬಂದಾಗ ಗೋಡೆಯ ಗಡಿಯಾರದ ದೊಡ್ಡ ಮುಳ್ಳು ನೆತ್ತಿಗೆ ಇನ್ನೇನು ತಾಗುವುದರಲ್ಲಿತ್ತು.

ಜನ ಒಬ್ಬೊಬ್ಬರಾಗಿ ತಮ್ಮ ಚೀಲ ಹುಡುಕತೊಡಗಿದರು. ಅಷ್ಟರಲ್ಲಿ ನಾದಿನಿಯ ಯಂತ್ರ ಟಣ್ಣೆಂದಿತು. ಮಧ್ಯಾಹ್ನ ಓಡಲು ಬಿಟ್ಟಿದ್ದ ತಣ್ಣಗಿನ ಲೆಕ್ಕ, ಆ ತಂತಿ ಬದಲಿಸಿದ ನಕ್ಷೆಯದು. ಅದನ್ನು ನಿಲ್ಲಿಸಲು ಯಾರಿಗೂ ನೆನಪಾಗಿರಲಿಲ್ಲ.

"ಅತ್ತಿಗೆ," ಎಂದಳು ನಾದಿನಿ.

ಗಡುವಮ್ಮ ಬಗ್ಗಿ ನೋಡಿದಳು. ಯಜಮಾನರೂ ಬಾಗಿಲಿನವರೆಗೆ ಹೋದವರು ಹಿಂದಕ್ಕೆ ಬಂದರು. ಸಾವಿರಾರು ದಾರಿಗಳಲ್ಲಿ ಒಂದೂ ಬೇಗ ಬಂದಿರಲಿಲ್ಲ. ಎಲ್ಲ ಪಾಸು.

"ಅಂದ್ರೆ ಅದನ್ನೇ ಕಳಿಸಿದ್ರೂ ನಡೀತಿತ್ತು," ಎಂದರು ಯಜಮಾನರು.

"ನಡೀತಿತ್ತು ಸರ್."

"ಎಂಟೂ ಲಿಫ್ಟು."

"ಎಂಟೂ."

ಅವರು ಪರದೆಯನ್ನು ಮೇಲಿನಿಂದ ಕೆಳಗೆ ಇನ್ನೊಮ್ಮೆ ಓದಿದರು. ನಾದಿನಿ ಅತ್ತಿಗೆಯ ಪಕ್ಕಕ್ಕೆ ಸರಿದು ನಿಂತಳು, ಬೈಗುಳ ಬಂದರೆ ಅರ್ಧ ತನಗೂ ತಾಗಲಿ ಎಂಬಂತೆ.

"ಒಂದು ಗಂಟೆ ಮುಂಚೆ ಇದು ಗೊತ್ತಾಗಿದ್ದಿದ್ರೆ," ಎಂದರು.

"ಗೊತ್ತಿರ್ಲಿಲ್ಲ ಸರ್," ಎಂದಳು ಗಡುವಮ್ಮ. "ಗೊತ್ತಿದ್ದದ್ದನ್ನ ಕಳಿಸಿದ್ವಿ."

ಯಜಮಾನರು ಹೊರಗೆ ನಡೆದರು. ಮೆಟ್ಟಿಲಿನಲ್ಲಿ ಅವರ ಹೆಜ್ಜೆ ನಿಂತು ನಿಂತು ಇಳಿಯಿತು.

"ಇದನ್ನ ಅಳಿಸಿಬಿಡ್ಲಾ?" ಎಂದು ಕೇಳಿದಳು ನಾದಿನಿ, ಆ ಪಾಸಾದ ಲೆಕ್ಕದ ಮೇಲೆ ಬಾಣದ ಗುರುತು ಇಟ್ಟುಕೊಂಡು. ಅದು ಕಣ್ಣೆದುರು ಇರುವುದೇ ಅವಳಿಗೆ ಹಿಂಸೆಯಾಗಿರಬೇಕು.

"ಯಾಕೆ ಅಳಿಸ್ತೀಯ. ಮುಂದಿನ ಸರದಿಗೆ ಇದೇ ಹೋಗುತ್ತೆ. ಎಲ್ಲಾ ಲೆಕ್ಕ ಆಗಿದೆ ಇದರದ್ದು." ಗಡುವಮ್ಮ ಚೀಲ ತೆಗೆದುಕೊಂಡು ಏಳಲು ಹೋದಳು. ಮತ್ತೆ ಕುಳಿತಳು.

"ಬಸ್ಸು ಹೋಗುತ್ತೆ ಅತ್ತಿಗೆ."

"ಹೋಗ್ಲಿ ಬಿಡು," ಎಂದು ಅವಳು ತಣ್ಣಗಾಗಿಹೋಗಿದ್ದ ಕಾಫಿಯ ಲೋಟ ಹತ್ತಿರಕ್ಕೆ ಎಳೆದುಕೊಂಡಳು. "ಮುಂದಿನದಕ್ಕೆ ಹೋಗೋಣ."